ಏಳು ಮನೆಗಳ ರೊಟ್ಟಿ

ನಮ್ಮ ಸೀಮೆ ಇನ್ನೂ ನಿಜಾಮನ ಕೈಯಲ್ಲಿದ್ದ ದಿನಗಳು ಅವು. ಯಲಬುರ್ಗಾ ಕಡೆಯ ನಮ್ಮ ಹಳ್ಳಿಗೆ ಕಾಲರಾ ಬಂದು, ಒಂದೇ ವಾರದಲ್ಲಿ ಅವ್ವ ಅಪ್ಪ ಇಬ್ಬರೂ ಹೋದರು. ನನಗೆ ಒಂಬತ್ತು, ತಂಗಿ ಗಂಗಿಗೆ ಮೂರು. ಅವ್ವನ ಅಕ್ಕ, ಗಂಡ ಸತ್ತು ಒಬ್ಬಳೇ ಇದ್ದ ನಮ್ಮ ದೊಡ್ಡವ್ವ, ಇಬ್ಬರನ್ನೂ ತನ್ನ ಒಂದಂಕಣದ ಮನೆಗೆ ಕರೆದೊಯ್ದಳು. ಕೂಲಿ ಸಿಕ್ಕ ದಿನ ಮಾತ್ರ ಅಲ್ಲಿ ಒಲೆ ಉರಿಯುತ್ತಿತ್ತು.

ಓಣಿಯ ಹೆಂಗಸರು ತಾವೇ ಮಾತಾಡಿಕೊಂಡು ವಾರದ ಏಳು ದಿನವನ್ನು ಏಳು ಮನೆಗೆ ಹಂಚಿಕೊಂಡಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಆ ದಿನದ ಮನೆಗೆ ಹೋಗಿ ನಾಲ್ಕು ಜೋಳದ ರೊಟ್ಟಿ ತರುವುದು ನನ್ನ ಕೆಲಸ. ಕಮ್ಮಾರರ ನೀಲಮ್ಮನ ರೊಟ್ಟಿ ದಪ್ಪ, ಅಂಚು ಸೀದ ವಾಸನೆ. ಶಂಕ್ರವ್ವನದು ಹಪ್ಪಳದಷ್ಟು ತೆಳು, ಮೇಲೆ ಅಗಸಿ ಚಟ್ನಿ. ಕಣ್ಣು ಮುಚ್ಚಿ ಮುಟ್ಟಿದರೂ ಯಾರ ಕೈಯದೆಂದು ಹೇಳುತ್ತಿದ್ದೆ.

ಒಂದು ದಿನ ಚಿಣಿಕೋಲಿನ ಆಟದಲ್ಲಿ ನನಗೆ ಸೋತ ಹುಡುಗನೊಬ್ಬ ಕೂಗಿದ: “ಏ ಏಳು ಮನಿ ಅಳಿಯಾ! ಇವತ್ತ ಯಾವ ಅತ್ತಿ ಮನ್ಯಾಗ ಊಟಲೇ?”

ಎಲ್ಲರೂ ನಕ್ಕರು.

ಮರುದಿನದಿಂದ ಏಳೂ ಹೊಸ್ತಿಲಲ್ಲಿ, ನಮ್ಮನ್ನು ತಿರುಗಿಯೂ ನೋಡದ ಕಾಕಾನ ಹೆಸರಿನಲ್ಲಿ, ಒಂದೇ ಸುಳ್ಳು ಹೇಳಿದೆ: “ನಮ್ಮ ಕಾಕಾ ಜೋಳದ ಚೀಲ ಕಳಿಸ್ಯಾನ್ರಿ. ಇನ್ನ ರೊಟ್ಟಿ ಬ್ಯಾಡ ಅಂದಾಳ್ರಿ ದೊಡ್ಡವ್ವ.”

“ಭಾಳ ಛಲೋ ಆತು ಬಿಡಪ್ಪಾ,” ಎಂದು ನೀಲಮ್ಮ ನನ್ನ ಕೈಗೆ ಬೆಲ್ಲದ ಚೂರು ಇಟ್ಟಳು. ತಿಂದೆ.

ಮನೆಯಲ್ಲಿ, “ಇವತ್ತ ಕೊಡಲಿಲ್ಲ” ಅಂದೆ. ನಾಳೆಯೂ ಅದೇ. ಕಾಡಿಬೇಡಿ ತರುವುದು ದೊಡ್ಡವ್ವನ ಜಾಯಮಾನವಲ್ಲ. ಇದ್ದ ನುಚ್ಚು ಕುದಿಸಿ ನಮಗೆ ಬಡಿಸಿ, “ನಂದು ಹೊಲದಾಗ ಆಗೇತಿ, ನೀವು ಉಣ್ರಿ” ಎನ್ನುತ್ತಿದ್ದಳು.

ಹತ್ತು ಹನ್ನೆರಡು ದಿನಗಳ ಮೇಲೆ ಬಾವಿಯ ಬಳಿ ಶಂಕ್ರವ್ವ ಸಿಕ್ಕಳು. ನಾನು ದೊಡ್ಡವ್ವನ ಪಕ್ಕದಲ್ಲೇ ಇದ್ದೆ.

“ಯಕ್ಕಾ, ಹುಡುಗೂರ ಕಾಕಾ ಜೋಳ ಕಳಿಸ್ಯಾನಂತಲ್ಲ? ಪುಣ್ಯಾತ್ಮ ಬಿಡವಾ!”

ದೊಡ್ಡವ್ವ ನನ್ನ ಮುಖ ನೋಡಿದಳು. “ಹೌದವಾ, ಕಳಿಸ್ಯಾನ,” ಎಂದಳು.

ದಾರಿಯಲ್ಲಿ ಕೇಳಿದ್ದು ಇಷ್ಟೇ: “ನೀನ ಹೋಗಿ ಖರೇ ಹೇಳಿ ಬರ್ತಿ ಏನಪಾ? ನಾ ಹೇಳಿದ್ರ ಊರೆಲ್ಲ ನಿನ್ನ ಸುಳ್ಳಗಾರ ಅಂತಾರ.”

ಹೂಂ ಎಂದೆ. ಹೋಗಲಿಲ್ಲ.

ತಿಂಗಳು ಮುಗಿಯುವ ಮುಂಚೆ, ಇಬ್ಬರನ್ನೂ ಸಾಕಲಾರದೆ, ಅವಳು ಗಂಗಿಯನ್ನು ಕಾರಟಗಿ ಕಡೆಯ ದೂರದ ನೆಂಟರಲ್ಲಿಗೆ ಒಯ್ದಳು. ಗಾಡಿಯಲ್ಲಿ ಕೂತು ಗಂಗಿ ಕೇಳಿದಳು: “ಅಣ್ಣಾ, ನೀ ಬರೂದಿಲ್ಲೇನು?”

“ಸುಗ್ಗಿ ಆಗಲಿ, ನಾನ ಬಂದು ಕರಕೊಂಡ ಬರ್ತೀನಿ.”

ಸುಗ್ಗಿಗೆ ಮೊದಲೇ ಸುದ್ದಿ ಬಂತು. ಜ್ವರ ಬಂದು ಗಂಗಿ ತೀರಿಕೊಂಡಿದ್ದಳು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಆ ದಿನ ಏಳೂ ಮನೆಯವರು ರೊಟ್ಟಿ ತಂದರು. ದೊಡ್ಡವ್ವ ಒಂದನ್ನು ಮುರಿದು ನನ್ನ ಕೈಗೆ ಕೊಟ್ಟಳು. ಅಂದೂ ಬೈಯಲಿಲ್ಲ, ಸಾಯುವ ತನಕವೂ ಬೈಯಲಿಲ್ಲ. ಬೈದಿದ್ದರೆ ಎಂಬತ್ತು ದಾಟಿದ ಮೇಲೆ ನಾನು ಇದನ್ನು ಬರೆಯಬೇಕಾಗಿರಲಿಲ್ಲವೇನೋ.

ಈಗ ಆ ಓಣಿಗೆ ರೊಟ್ಟಿ ಅಂಗಡಿಯಿಂದ ಬರುತ್ತದೆ, ಯಾರ ಕೈಯದೆಂದು ಯಾರೂ ಕೇಳುವುದಿಲ್ಲ. ನನ್ನ ಬೆರಳಿಗೆ ಆ ಏಳೂ ಕೈಗಳ ಗುರುತು ಇನ್ನೂ ಇದೆ. ಗಂಗಿಯ ಮುಖ ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ.