ಚಂದ್ರಮತಿ ಕಾಕುವಿನ ಏರಿಯಾ ಸಮಿತಿ

ಶೇಡಬಾಳದಿಂದ ಉಗಾರ ಬುದ್ರುಕಿಗೆ ಹೋಗುವ ರಸ್ತೆಯಲ್ಲಿ ಮಧ್ಯಾಹ್ನ ಇಳಿಯುವ ಹೊತ್ತಿಗೆ ನಿಮ್ಮ ಗಾಡಿ ಮುಂದಕ್ಕೆ ಹೋಗದಿದ್ದರೆ ರೈಲ್ವೆ ಗೇಟು ಬಿದ್ದಿದೆ ಎಂದುಕೊಳ್ಳಬೇಡಿ. ಮುಂದೆ ಊರಿಗೆಲ್ಲ ಚಿಕ್ಕಮ್ಮನಾದ ನಮ್ಮ ಚಂದ್ರಮತಿ ಕಾಕು ಸ್ಕೂಟಿ ಹೊಡೆಯುತ್ತಿರುತ್ತಾರೆ. ಅವರ ಹಿಂದೆ ಕಬ್ಬಿನ ಟ್ರ್ಯಾಕ್ಟರು, ಅದರ ಹಿಂದೆ ಹಾಲಿನ ಟೆಂಪೊ, ಅದರ ಹಿಂದೆ ಬೈಕಿನ ಮೇಲೆ ಹಲ್ಲು ಕಡಿಯುತ್ತ ನಾನು. ಉಗಾರದ ಹುಡುಗರಿಗೆ ಗಣಿತದ ಟ್ಯೂಷನ್ ಹೇಳುವ ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ವೇಗ, ದೂರ, ಕಾಲದ ಲೆಕ್ಕಗಳನ್ನು ಎಷ್ಟು ಬಿಡಿಸಿದ್ದೇನೋ, ಕಾಕುವಿನ ಲೆಕ್ಕ ಮಾತ್ರ ನನ್ನಿಂದ ಬಿಡಿಸಲಾಗಿಲ್ಲ. ಒಂದು ನಾಯಿಮರಿ ಅವರನ್ನು ಹಿಂದೆ ಹಾಕಿ ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಕಾಕು ಹೆದರಿಕೊಂಡು ನಿಧಾನ ಹೋಗುವವರಲ್ಲ. ಒಂದು ಚಾತುರ್ಮಾಸದಲ್ಲಿ ನಮ್ಮ ಬಸದಿಗೆ ಬಂದಿದ್ದ ಮುನಿಗಳು ಪ್ರವಚನದಲ್ಲಿ ಹೇಳಿದ್ದರು: ನಡೆಯುವಾಗ ನಾಲ್ಕು ಮೊಳ ಮುಂದಿನ ನೆಲ ನೋಡುತ್ತ ನಡೆಯಬೇಕು, ಕಾಲಡಿಗೆ ಒಂದು ಜೀವವೂ ಸಿಗಬಾರದು, ಇದಕ್ಕೆ ಈರ್ಯಾ ಸಮಿತಿ ಎನ್ನುತ್ತಾರೆ ಎಂದು. ನಮ್ಮ ಜೈನರಲ್ಲಿ ಸಮಿತಿ ಎಂದರೆ ಕುರ್ಚಿ ಹಾಕಿಕೊಂಡು ಚಹಾ ಕುಡಿಯುವ ಮಂಡಳಿಯಲ್ಲ, ಎಚ್ಚರ. ಅಂಥ ಎಚ್ಚರಗಳು ಐದಿವೆ. ಮುನಿಗಳು ಹೇಳಿದ್ದು ನಡಿಗೆಗೆ, ಕಾಕು ಅದನ್ನು ಸ್ಕೂಟಿಗೂ ಹಚ್ಚಿದರು. ರಸ್ತೆಯ ಅಂಚಿನಲ್ಲಿ ಇರುವೆ ಗೂಡು ಹೆಚ್ಚೆಂದು ನಟ್ಟನಡುವೆಯೇ ಹೋಗುತ್ತಾರೆ. ಹಿಂದಿನವರು ಹಾರ್ನ್ ಹೊಡೆದರೆ ಎಡಗೈ ಎತ್ತಿ ಆಶೀರ್ವಾದ ಮಾಡಿದಂತೆ ಮಾಡುತ್ತಾರೆ.

ದಿನಾ ಹೋಗುವುದಾದರೂ ಎಲ್ಲಿಗೆ? ಉಗಾರ ಬುದ್ರುಕಿನಲ್ಲಿರುವ ಅಕ್ಕ ಬ್ರಾಹ್ಮಿಯ ಮನೆಗೆ. ಬ್ರಾಹ್ಮಿ ಆಯಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದು ವರ್ಷಗಳಾದವು. ಮನೆಯಲ್ಲಿ ಸೊಸೆ ಇದ್ದಾಳೆ, ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ. ಆದರೆ ಜಗಳವಾಡಲು ತಂಗಿಯೇ ಬೇಕು. ಮದುವೆಯಲ್ಲಿ ಯಾರಿಗೆ ಯಾವ ಸೀರೆ ಬಂತು ಎಂಬಲ್ಲಿಂದ ಹಿಡಿದು ಅವ್ವ ಯಾರನ್ನು ಹೆಚ್ಚು ಮುದ್ದು ಮಾಡುತ್ತಿದ್ದಳು ಎಂಬವರೆಗೆ ಇಬ್ಬರೂ ಗಂಟಲು ಹರಿದುಕೊಳ್ಳುತ್ತಾರೆ. ಆಮೇಲೆ ಒಂದೇ ತಾಟಿನಲ್ಲಿ ರೊಟ್ಟಿ ಮುರಿದು ತಿನ್ನುತ್ತಾರೆ. ಹೊತ್ತು ಮುಳುಗಿದ ಮೇಲೆ ಇಬ್ಬರೂ ಬಾಯಿಗೆ ಏನೂ ಹಾಕುವುದಿಲ್ಲ. ಬಸ್ಸು ನಂಬಿದರೆ ಆ ಊಟ ತಪ್ಪುತ್ತದೆ. ಕಾಕು ನಡುವಯಸ್ಸು ದಾಟಿದ ಮೇಲೆ ಬಿದ್ದು, ಎದ್ದು, ಗಂಡನ ಗೊಬ್ಬರದ ಅಂಗಡಿಯ ಕಟ್ಟೆಗೆ ಎರಡು ಸಲ ಗುದ್ದಿ ಸ್ಕೂಟಿ ಕಲಿತದ್ದು ಈ ಒಂದು ತಾಟಿನ ಸಲುವಾಗಿ.

ಆ ಸ್ಕೂಟಿಗೇ ಕುತ್ತು ಬಂತು. ಯಾರೋ ಕಿಡಿಗೇಡಿಗಳು, ಮುಂದೆ ಕಾಕು, ಹಿಂದೆ ಸಾಲುಗಟ್ಟಿದ ಟ್ರ್ಯಾಕ್ಟರುಗಳು, ಅವುಗಳ ಸ್ಪೀಕರಿನ ಹಾಡು, ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು, ಮೇಲೆ ಮರಾಠಿಯಲ್ಲಿ ‘ಕಾಕೂಚಿ ವರಾತ’ ಎಂದು ಬರೆದು ಹರಿಬಿಟ್ಟರು. ಕಾಕುವಿನ ಮದುವೆ ಮೆರವಣಿಗೆ! ಅದು ಕಾಗವಾಡ, ಅಥಣಿ ಸುತ್ತಿ ಮಗ ಸಂದೇಶನ ಕೈಗೆ ಬಂತು. ಸಂದೇಶ ಬೈಕು ಹತ್ತಿದರೆ ಗಾಳಿಗೂ ದಾರಿ ಬಿಡದವನು. ಅವನ ಮುಖ ಕೆಂಪಗಾಯಿತು.

‘ಅವ್ವಾ, ಮಂದಿ ನಗಾಕತ್ತಾರ. ಒಂದಿನ ಯಾವನರ ಟ್ರ್ಯಾಕ್ಟರ್‌ದವ ಸಿಟ್ಟಿಗೆದ್ದ ನಿನ್ನ ಮ್ಯಾಲ ಹಾಯಿಸಿ ಹೊಕ್ಕಾನ. ರಾಯಬಾಗದ ಗಿರಾಕಿ ಐತಾರ ಬರ್ತಾನ. ಗಾಡಿ ಕೊಟ್ಟ ಬಿಡೂನು.’

‘ಮತ್ತ ಅಕ್ಕ?’ ಎಂದರು ಕಾಕು.

‘ಫೋನಿನ್ಯಾಗ ಜಗಳಾಡು.’

ಕಾಕುವಿನ ಗಂಡ ತವನಪ್ಪ ಕಾಕಾ ಇಂಥ ವೇಳೆಯಲ್ಲಿ ಅಂಗಡಿಯ ತಕ್ಕಡಿ ಒರೆಸಲು ಶುರು ಮಾಡುತ್ತಾರೆ. ಅಂದೂ ಒರೆಸಿದರು.

ಅದೇ ವಾರ ಪಂಚಾಯ್ತಿಯಲ್ಲಿ ಸಭೆ ನಡೆಯಿತು. ಚಿಕ್ಕೋಡಿಯಿಂದ ಲಗಮಣ್ಣ ಎಂಬ ಎಂಜಿನಿಯರ್ ಸಾಹೇಬರು ಬಂದಿದ್ದರು. ಇನ್ನು ಮುಂದೆ ನಮ್ಮ ರಸ್ತೆಗಳಲ್ಲಿ ಒಂದು ಸಾವೂ ಆಗಬಾರದು, ಕೈಕಾಲು ಮುರಿಯುವಂಥ ಪೆಟ್ಟೂ ಆಗಬಾರದು, ಗುರಿ ಸೊನ್ನೆ ಎಂದರು. ಸೊನ್ನೆ ತೆಗೆದುಕೊಂಡರೆ ಶಭಾಸ್ ಎನ್ನುವವರನ್ನು ನಾನು ಅಂದೇ ಮೊದಲು ಕಂಡದ್ದು.

ಡಬಲ್ ಟ್ರೇಲರಿನಲ್ಲಿ ಕಬ್ಬು ಹೊಡೆಯುವ ಭೀಮಸಿ ಎದ್ದು ನಿಂತ. ‘ಸಾಯೇಬ್ರ, ಕಡಿಮಿ ಮಾಡೂನ್ರಿ. ಪೂರ್ತಿ ಸೊನ್ನಿ ಅಂದ್ರ ಹ್ಯಾಂಗ್ರಿ? ಒಂದೆರಡರ ಆಗೂವಽ.’

‘ಹಂಗಾರ ಆ ಒಂದೆರಡು ಯಾರ ಮನ್ಯಾಗ ಆಗ್ಲಿ, ನೀವಽ ಹೇಳ್ರಿ’ ಎಂದರು ಸಾಹೇಬರು.

ಭೀಮಸಿ ಕುಳಿತುಬಿಟ್ಟ. ಊರೂರಿಗೆ ಒಂದು ರಸ್ತೆ ಸುರಕ್ಷತಾ ಸಮಿತಿ ಆಗಬೇಕು ಎಂದ ಸಾಹೇಬರು, ಈ ಊರಲ್ಲಿ ಮೊದಲೇ ಯಾವುದಾದರೂ ಸಮಿತಿ ಇದೆಯೇ ಎಂದು ಕೇಳಿದರು. ಮುಂದಿನ ಸಾಲಿನಲ್ಲಿದ್ದ ಕಾಕು, ಗೊತ್ತಿದ್ದ ಪ್ರಶ್ನೆ ಬಂದ ಹುಡುಗಿಯಂತೆ ಕೈ ಎತ್ತಿದರು.

‘ಐದ ಅದಾವ್ರಿ.’

‘ಐದಾ! ರಸ್ತೆದ್ದು ಯಾವುದ್ರಿ?’

‘ಹಾದಿ ನಡಿಯೂದಕ್ಕ ಈರ್ಯಾ ಸಮಿತಿ ಐತ್ರಿ.’

‘ಏರಿಯಾ ಸಮಿತಿ! ಭೇಷ್!’ ಸಾಹೇಬರು ಬರೆದುಕೊಂಡರು. ‘ಯಾರ ನಡಸ್ತಾರ್ರಿ?’

‘ಸ್ವಾಮಿಗೋಳು ಪೂರ್ತಿ ನಡಸ್ತಾರ್ರಿ. ನಾವು ಸಂಸಾರದವರು, ಕೈಲಾದಷ್ಟ. ನಾ ಗಾಡಿ ಮ್ಯಾಲ ದಿನಾ ನಡಸ್ತೀನ್ರಿ.’

‘ಎರಡನೇದು?’

‘ಭಾಷಾ ಸಮಿತಿ.’

ಸಾಹೇಬರ ಪೆನ್ನು ನಿಂತಿತು. ಗಡಿಯ ಊರು, ಅರ್ಧ ಸಭೆ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ ಪಿಸುಗುಡುತ್ತಿತ್ತು. ‘ಅವ್ವಾರ, ಅದೊಂದ ಬ್ಯಾಡ್ರಿ’ ಎಂದು ಕೈ ಮುಗಿದರು.

‘ಯಾಕ್ರಿ? ಮಾತ ಹಿಡದ ಆಡಬೇಕು ಅಂತ ಐತ್ರಿ ಅದ್ರಾಗ.’

‘ಅದಕ್ಕಽ ಬ್ಯಾಡ ಅಂದೆ. ಸದ್ಯ ಏರಿಯಾ ಒಂದಽ ಸಾಕು.’

ಎದ್ದು ತಿದ್ದೋಣವೆಂದರೆ ನನ್ನ ಬಾಯೊಳಗೆ ಟವೆಲ್ ಇತ್ತು, ನಗು ತಡೆಯಲು ತುರುಕಿಕೊಂಡಿದ್ದೆ. ಹಾಗೆ ನಮ್ಮ ಕಾಕು ಏರಿಯಾ ಸಮಿತಿಯ ಅಧ್ಯಕ್ಷರಾದರು.

ಗಿರಾಕಿ ಬರಬೇಕಿದ್ದ ಭಾನುವಾರ ಮಧ್ಯಾಹ್ನವೇ ಸಾಹೇಬರು ಜೀಪಿನಲ್ಲಿ ಬಂದೇಬಿಟ್ಟರು. ಸಮಿತಿಯ ಕೆಲಸ ಕಣ್ಣಾರೆ ನೋಡಬೇಕಂತೆ. ಫಳಫಳ ಹೊಳೆಯುವ ಪಟ್ಟಿಯ ಕಿತ್ತಳೆ ಜಾಕೀಟು ತಂದಿದ್ದರು. ಕಾಕು ಅದನ್ನು ಸೀರೆಯ ಮೇಲೆ ತೊಟ್ಟು ಹೊರಟರು. ಇದೇ ಕೊನೆಯ ಸವಾರಿ ಎಂದು ಅವರಿಗೆ ಗೊತ್ತಿತ್ತು, ಸಾಹೇಬರಿಗೆ ಗೊತ್ತಿರಲಿಲ್ಲ. ಕಾಕುವಿನ ಮುಖ ನೋಡಿ ಅಂದು ಮೊದಲ ಬಾರಿಗೆ ನನಗೆ ಹಾರ್ನ್ ಹೊಡೆಯುವ ಮನಸ್ಸಾಗಲಿಲ್ಲ. ಮುಂದೆ ಕಾಕು, ಹಿಂದೆ ಜೀಪು, ಅದರ ಹಿಂದೆ ನಾನು. ಜೀಪಿನೊಳಗಿಂದ ಸಾಹೇಬರು, ‘ನೋಡ್ರಿ ಮಾಸ್ತರ, ಎಲ್ಲಾರ ವೇಗಾನೂ ಒಬ್ಬಾಕಿ ಹಿಡದಾಳ!’ ಎಂದು ಕೂಗಿದರು. ನಾನು ಅದನ್ನೇ ಇಷ್ಟು ವರ್ಷ ಬೇರೆ ಮಾತಿನಲ್ಲಿ ಹೇಳುತ್ತಿದ್ದೆ.

ಕಾಲುವೆಯ ಸೇತುವೆ ಹತ್ತಿರ ಒಂದು ತಿರುವಿದೆ. ಎರಡೂ ಕಡೆ ಆಳೆತ್ತರದ ಕಬ್ಬು, ಆಚೆಯದು ಕಾಣುವುದಿಲ್ಲ. ಅದಕ್ಕೆ ಸ್ವಲ್ಪ ಈಚೆ ಕಾಕು ಗಕ್ಕನೆ ನಿಂತರು. ನಾವೂ ನಿಂತೆವು.

‘ಏನಾತ್ರಿ ಅಧ್ಯಕ್ಷರ?’

‘ಹುಳ ಐತ್ರಿ. ದಾಟ್ಲಿ, ತಡೀರಿ.’

ಒಂದು ಸಗಣಿ ಹುಳ ತನಗಿಂತ ದೊಡ್ಡ ಉಂಡೆಯನ್ನು ಹಿಂಗಾಲಿನಿಂದ ಉರುಳಿಸುತ್ತ ರಸ್ತೆ ದಾಟುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಭರ್ರೆಂದು ಸಂದೇಶ ಬಂದ. ರಾಯಬಾಗದ ಗಿರಾಕಿ ಮನೆಯಲ್ಲಿ ಬಂದು ಕೂತಿದ್ದ, ಸ್ಕೂಟಿ ಇರಲಿಲ್ಲ, ಇವನ ತಲೆ ಕೆಟ್ಟಿತ್ತು. ನನ್ನನ್ನೂ ಜೀಪನ್ನೂ ಹಿಂದೆ ಹಾಕಿ, ಅವ್ವನನ್ನೂ ದಾಟಿ ಅಡ್ಡಗಟ್ಟಬೇಕೆಂದು ನುಗ್ಗಿದ. ಕಾಕು ತೋಳು ಅಡ್ಡ ಚಾಚಿ ಕಿರುಚಿದರು: ‘ನಿಂದರ್ಲೇ! ಹುಳ ಐತಿ!’

ಅವ್ವನ ಆ ದನಿಗೆ ಸಣ್ಣವನಿದ್ದಾಗಿನಿಂದ ಬೆಚ್ಚಿದವನು. ಬ್ರೇಕು ತಾನಾಗಿಯೇ ಬಿತ್ತು. ಬೈಯಲು ಬಾಯಿ ತೆರೆದ.

ತಿರುವಿನಿಂದ ಭೀಮಸಿಯ ಟ್ರ್ಯಾಕ್ಟರು ಹಾಡು ಹಾಕಿಕೊಂಡು ಬಂತು. ಮೊದಲ ಟ್ರೇಲರು ತಿರುಗಿತು. ಎರಡನೆಯದನ್ನು ಅದಕ್ಕೆ ಜೋಡಿಸಿದ್ದ ಪಿನ್ನು ಮುರಿದು, ಅದು ವಾಲಿ, ಕಬ್ಬಿನ ಸಮೇತ ರಸ್ತೆಗೆ ಅಡ್ಡ ಮಲಗಿತು. ಕೊನೆಯ ಜಲ್ಲೆಗಳು ಉರುಳಿ ಬಂದು ಸಂದೇಶನ ಬೈಕಿನ ಗಾಲಿಗೆ ತಾಗಿ ನಿಂತವು. ಹಾಡು ಮಾತ್ರ ನಡೆದೇ ಇತ್ತು. ಹುಳ ಅಷ್ಟರಲ್ಲಿ ದಾಟಿತ್ತು.

ಭೀಮಸಿ ಕೆಳಗಿಳಿದು ಬಂದ, ತುಟಿ ಬೆಳ್ಳಗಾಗಿತ್ತು. ‘ಎಷ್ಟ ಮಂದಿಗೆ ಏನಾತ್ರಿ?’

ಲಗಮಣ್ಣ ಸಾಹೇಬರು ನಮ್ಮೆಲ್ಲರನ್ನೂ ಒಮ್ಮೆ ನೋಡಿದರು. ‘ಸೊನ್ನಿ’ ಎಂದರು. ಆಮೇಲೆ ಜೀಪಿನ ಬಾನೆಟ್ಟು ಹಿಡಿದುಕೊಂಡು ನಿಂತರು.

ಸಂದೇಶನ ಮೊಬೈಲು ರಿಂಗಾಗುತ್ತಿತ್ತು. ಎತ್ತಿಕೊಂಡ. ‘ಇಲ್ರಿ, ಗಾಡಿ ಕೊಡೂದಿಲ್ರಿ. ಅದು ನಮ್ದಲ್ರಿ, ಏರಿಯಾ ಸಮಿತಿದು’ ಎನ್ನುತ್ತ ಇದ್ದವನಿಗೆ ಅಳು ಬಂತು. ಫೋನು ಕಿಸೆಗೆ ಹಾಕಿಕೊಂಡು ಅವ್ವನ ಕಡೆ ನೋಡಿದ. ಕಾಕು ಅವನನ್ನು ತಲೆಯಿಂದ ಕಾಲಿನವರೆಗೆ ತಡವಿ ನೋಡಿದರು, ಆಮೇಲೆ ಸೂರ್ಯನನ್ನು ನೋಡಿದರು.

‘ಅಕ್ಕ ತಾಟ ಹಾಕ್ಕೊಂಡ ಕುಂತಿರ್ತಾಳೋ. ಹೊತ್ತ ಇಳಿಯಾಕತ್ತೈತಿ.’

ಸಂದೇಶ ಬಗ್ಗಿ ಕಬ್ಬು ಎತ್ತತೊಡಗಿದ. ಭೀಮಸಿ ಬಂದ, ನಾನು ಬಂದೆ, ಸಾಹೇಬರೂ ಅಂಗಿಯ ತೋಳು ಮಡಚಿದರು. ರಸ್ತೆಯೆಲ್ಲ ಖಾಲಿ ಮಾಡುವುದು ನಮ್ಮಿಂದಾಗುತ್ತಿರಲಿಲ್ಲ. ಉರುಳಿದ ಟ್ರೇಲರಿನ ಪಕ್ಕದಲ್ಲಿ ಒಂದು ಸ್ಕೂಟಿ ಹೋಗುವಷ್ಟು ಹಾದಿ ಮಾಡಿದೆವು. ಕಾಕು ಜಾಕೀಟು ಸರಿ ಮಾಡಿಕೊಂಡು ಕೀಲಿ ತಿರುಗಿಸಿದರು. ಸಂದೇಶ ಹ್ಯಾಂಡಲ್ ಹಿಡಿದು, ಬಿಡಲು ಮನಸ್ಸಿಲ್ಲದೆ ನಿಂತ.

‘ಅವ್ವಾ, ನಿಧಾನ ಹೋಗು.’

ಕಾಕು ಅವನ ಕೈ ಬಿಡಿಸಿದರು.

‘ಇನ್ನೂ ನಿಧಾನ ಹ್ಯಾಂಗ ಹೋಗ್ಲೋ ಮಗನ?’