ಅಮೀರ್‌ಜಾನ್ ಸಾಬರ ತೂತಿನ ಡಬ್ಬ

ಅಮೀರ್‌ಜಾನ್ ಸಾಬರು ಕೈಗೆ ಏನು ಕೊಟ್ಟರೂ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಕೆಟ್ಟ ರೇಡಿಯೊ ಆದರೆ ಸರಿ, ಅದಕ್ಕೊಂದು ಅರ್ಥವಿದೆ. ತೆಂಗಿನಕಾಯಿಗೂ ಅರ್ಥವಿದೆ. ಆದರೆ ನನ್ನ ತಂಗಿಯ ಮಗಳ ಲಗ್ನಪತ್ರಿಕೆ ಕೊಟ್ಟಾಗಲೂ ಎರಡು ಸಲ ಅಲ್ಲಾಡಿಸಿ, ಆಮೇಲೆ ತೆರೆದು ಓದಿದರು.

"ಏನು ಕೇಳಿಸ್ತು ಸಾಬ್ರೆ?" ಎಂದೆ.

"ಊಟ ಚೆನ್ನಾಗಿರ್ತದೆ ಅಂತ ಕೇಳಿಸ್ತಮ್ಮ."

ಈ ಚಾಳಿ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿನಿಂದ ಅಂಟಿಕೊಂಡದ್ದು. ಸ್ಪೀಕರ್ ಡಬ್ಬ ಮಾಡಲು ಕೂರುವ ಮೊದಲು ಅವರು ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲಿದ್ದರು. ಗೂಡು ಕೊಳ್ಳುವವನು ಒಂದನ್ನು ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸುತ್ತಾನೆ. ಒಳಗಿನ ಹುಳು ಸರಿಯಾಗಿದ್ದರೆ ಗೂಡು ಟಕಟಕ ಎನ್ನುತ್ತದೆ. ಸತ್ತು ಕೊಳೆತು ಗೋಡೆಗೆ ಅಂಟಿಕೊಂಡಿದ್ದರೆ ಸದ್ದೇ ಇಲ್ಲ. ಇಪ್ಪತ್ತು ವರ್ಷ ಹಾಗೆ ಅಲ್ಲಾಡಿಸಿದ ಕಿವಿ ಅವರದು. ಗೂಡು ಬೇಯಿಸುವ ಕುದಿನೀರಿನಲ್ಲಿ ಬೆರಳು ಬೆಂದು ಸಾಕಾದ ಮೇಲೆ ನೂಲಿನ ಕೆಲಸವನ್ನು ತಮ್ಮನಿಗೆ ಬಿಟ್ಟು, ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅಂಗಡಿ ಹಾಕಿದರು. ಬೋರ್ಡಿರಲಿಲ್ಲ. ಮರದ ಪುಡಿ, ಫೆವಿಕಾಲ್, ಬೀಡಿ ಈ ಮೂರರ ವಾಸನೆ ಹಿಡಿದು ಹೋದರೆ ಅಂಗಡಿ ಸಿಗುತ್ತಿತ್ತು.

ನಾನು ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವಳು. ಕೊನೆಗೆ ಚಿಂತಾಮಣಿಯಲ್ಲಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದೆ. ಐದಕ್ಕೆ ಏಳುವುದು, ಐದೂಕಾಲಿಗೆ ಕಾಫಿ, ಐದೂವರೆಗೆ ಹಾಸಿಗೆಯ ಮೂಲೆಗಳನ್ನು ಲಕೋಟೆಯಂತೆ ಮಡಿಸುವುದು. ನಿವೃತ್ತಿಯಾದರೂ ಇದರಲ್ಲಿ ಒಂದು ನಿಮಿಷ ಬದಲಾಗಲಿಲ್ಲ. ಬದಲಾದದ್ದು ಒಂದೇ. ಮೂವತ್ತನಾಲ್ಕು ವರ್ಷ ಎಲ್ಲರಿಗೂ "ಸದ್ದು ಮಾಡಬೇಡಿ" ಎಂದು ಹೇಳಿದ ನನಗೆ, ಶಿಡ್ಲಘಟ್ಟದ ಮನೆಗೆ ಬಂದು ನೆಲೆಸಿದ ಮೇಲೆ ಸದ್ದು ಬೇಕೆನಿಸಿತು. ಸಣ್ಣ ಸದ್ದಲ್ಲ. ಆಗ ಡಿವಿಡಿ ಪ್ಲೇಯರ್ ಮನೆಮನೆಗೂ ಬರುತ್ತಿದ್ದ ಕಾಲ. ಚಿಕ್ಕಬಳ್ಳಾಪುರದಲ್ಲಿ ಗೆಳತಿಯೊಬ್ಬಳ ಮನೆಯ ಹೋಮ್ ಥಿಯೇಟರಿನಲ್ಲಿ ಸಿನಿಮಾದ ಆನೆಯೊಂದು ನಡೆದಾಗ ನನ್ನ ಕುರ್ಚಿ ನಡುಗಿತು. ನನಗೂ ಅಂಥ ಆನೆ ಬೇಕೆಂದು ಮರುದಿನವೇ ಸಾಬರ ಅಂಗಡಿಗೆ ಹೋದೆ.

ಡಬ್ಬಗಳಲ್ಲಿ ಎರಡು ಜಾತಿ ಎಂದು ತಿಳಿದದ್ದು ಅಲ್ಲಿ. ಒಂದು ಎಲ್ಲ ಕಡೆ ಮುಚ್ಚಿದ ಡಬ್ಬ. ಇನ್ನೊಂದಕ್ಕೆ ಒಂದು ಪೈಪು ಇಟ್ಟು ತೂತು ಬಿಟ್ಟಿರುತ್ತಾರೆ; ಸ್ಪೀಕರು ಒಳಗೆ ದಬ್ಬಿದ ಗಾಳಿ ಅದರಿಂದ ಹೊರಬಂದು ಗುಂಯ್ ಎನ್ನುತ್ತದೆ.

"ಮುಚ್ಚಿದ ಡಬ್ಬ ಹೇಳಿದಷ್ಟೇ ಹೇಳ್ತದಮ್ಮ. ತೂತಿನ ಡಬ್ಬ ತನ್ನದೂ ಒಂದಿಷ್ಟು ಸೇರಿಸಿ ಹೇಳ್ತದೆ," ಎಂದರು ಸಾಬರು. "ನಮ್ಮ ಬೀದೀಲೂ ಹಂಗೇ ಎರಡು ಥರ ಜನ ಅವ್ರೆ."

"ನೀವು ಯಾವುದು?"

"ನಂಗೆ ಹೆಂಡ್ತಿ ಅವ್ಳೆ ಸಿಸ್ಟರಮ್ಮ. ನಾನು ಮುಚ್ಚಿದ್ದೇ."

ಹಾಗೆಂದು ಮುಚ್ಚಿದ ಡಬ್ಬದ ಹುಚ್ಚೇನೂ ಅವರಿಗಿರಲಿಲ್ಲ. ಮೇಲೂರಿನ ಕಲ್ಯಾಣ ಮಂಟಪವೊಂದರ ಯಜಮಾನ ಯಾರದೋ ಮಾತು ಕೇಳಿ, ಮುಚ್ಚಿದ್ದೇ ಮೇಲು, ಅದನ್ನೇ ಮಾಡಿಕೊಡಿ ಎಂದು ನನ್ನೆದುರೇ ಹಟ ಹಿಡಿದ. ಸಾಬರು ಅವನ ಕೈಯಲ್ಲಿದ್ದ ಮೊಬೈಲನ್ನು ತೆಗೆದು ಅಲ್ಲಾಡಿಸಿ ವಾಪಸು ಕೊಟ್ಟರು. "ಅಲ್ಲಪ್ಪ, ನಾನೂರು ಜನ ಕೂತು ಸಾರು ಸುರೀತಿರೋ ಜಾಗದಲ್ಲಿ ಇದು ಸಣ್ಣದಾಗಿ ಸತ್ಯ ಹೇಳಿದ್ರೆ ಯಾರಿಗಪ್ಪಾ ಕೇಳಿಸ್ತದೆ? ನಿನಗೆ ತೂತಿನದೇ. ಎರಡು ತೂತು ಬಿಡ್ತೀನಿ, ಹೋಗು." ಯಾವ ಡಬ್ಬ ಎಂಬುದನ್ನು ಗಿರಾಕಿಯಲ್ಲ, ಜಾಗ ಹೇಳಬೇಕು ಎಂಬುದು ಅವರ ಕಟ್ಟಾಜ್ಞೆ. ಆದ್ದರಿಂದ ಮನೆ ನೋಡದೆ ಅವರು ಅಳತೆ ಬರೆಯುತ್ತಿರಲಿಲ್ಲ.

ನನ್ನ ಮನೆಗೂ ಒಂದು ಬೆಳಿಗ್ಗೆ ಪರೀಕ್ಷೆಯ ಡಬ್ಬವನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದರು. ಹತ್ತು ಗಂಟೆ ಎಂದಿದ್ದೆ. ಹತ್ತೂ ಇಪ್ಪತ್ತಕ್ಕೆ ಬಂದರು. ಗಡಿಯಾರ ತೋರಿಸಿದೆ. ಅದನ್ನು ಗೋಡೆಯಿಂದ ತೆಗೆದು ಕಿವಿಗೆ ಹಿಡಿದು ಅಲ್ಲಾಡಿಸಿ, "ಓಡ್ತಾ ಐತೆ" ಎಂದರು. ಗಡಿಯಾರ ಅಂದಿನಿಂದ ದಿನಕ್ಕೆ ಎರಡು ನಿಮಿಷ ಮುಂದೆ ಹೋಗತೊಡಗಿತು.

ಆ ಡಬ್ಬದ ಪೈಪಿಗೆ ಮರದ ಬಿರಡೆಯೊಂದಿತ್ತು. ಬಿರಡೆ ಹಾಕಿದರೆ ಮುಚ್ಚಿದ ಡಬ್ಬ, ತೆಗೆದರೆ ತೂತಿನದು. ಬಿರಡೆ ಹಾಕಿ ಹಾಡು ಬಿಟ್ಟರು. ತಮಟೆ ತಮಟೆಯಂತೆ ಕೇಳಿಸಿತು. ಬಿಗಿ, ಚೊಕ್ಕ, ರೌಂಡ್ಸಿಗೆ ಬಂದ ಡಾಕ್ಟರಂತೆ ಹೇಳುವುದನ್ನು ಹೇಳಿ ಸುಮ್ಮನಾಗುವುದು. ಬಿರಡೆ ತೆಗೆದರು. ಅಡುಗೆಮನೆಯಲ್ಲಿ ಸ್ಟೀಲ್ ಲೋಟಗಳು ಗಿಲಿಗಿಲಿ ಎಂದವು, ನನ್ನ ಬೀಳ್ಕೊಡುಗೆಯ ಗ್ರೂಪ್ ಫೋಟೊ ವಾಲಿತು. ಆನೆ ಬಂದಿತ್ತು.

"ಇದೇ," ಎಂದೆ.

"ಈ ಗೋಡೆ ಆಚೆ ಯಾರವ್ರೆ?"

"ರತ್ನಮ್ಮ. ಹುಳು ಸಾಕ್ತಾಳೆ."

ಸಾಬರ ಮುಖ ಬದಲಾಯಿತು. "ನಿಮ್ಮ ಕಿವೀಗೆ ಹಾಕೋದು ಕೊಡಿ" ಎಂದು ನನ್ನ ಸ್ಟೆತಸ್ಕೋಪ್ ತೆಗೆದುಕೊಂಡು, ಹಾಡನ್ನು ಹಾಗೇ ಬಿಡಲು ಹೇಳಿ ಪಕ್ಕದ ಮನೆಗೆ ನಡೆದರು. ನಾನೂ ಹಿಂದೆ ಹೋದೆ. ನನ್ನ ಸ್ಟೆತಸ್ಕೋಪ್ ನಾನಿಲ್ಲದೆ ಎಲ್ಲಿಗೂ ಹೋಗುವುದಿಲ್ಲ.

ರತ್ನಮ್ಮನ ಹುಳದ ಮನೆಗೂ ನನ್ನ ಹಾಲಿಗೂ ಒಂದೇ ಗೋಡೆ. ಹಿಂದಿನ ಬೆಳೆ ರೋಗ ಬಂದು ಪೂರ್ತಿ ಹೋಗಿತ್ತು. ಈ ಸಲದ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾನು ಕಂಡ ಜ್ವರಗಳಲ್ಲಿ ಥರ್ಮಾಮೀಟರ್ ಬೇಡದ್ದು ಅದೊಂದೇ. ಆಗ ಅಲುಗಾಟ ತಾಗಿದರೆ ಹುಳು ಕೆಡುತ್ತದೆ ಎಂಬುದು ಸಾಕುವವರ ನಂಬಿಕೆ. ಸಾಬರು ಸ್ಟೆತಸ್ಕೋಪನ್ನು ಮೊದಲು ಗೋಡೆಗೆ, ಆಮೇಲೆ ಹುಳದ ತಟ್ಟೆಗೆ ಇಟ್ಟು ಕಣ್ಣು ಮುಚ್ಚಿ ನಿಂತರು. ಅಷ್ಟು ಗಂಭೀರವಾಗಿ ನಮ್ಮ ಜಿಲ್ಲಾ ಸರ್ಜನ್ ಕೂಡ ರೋಗಿಯನ್ನು ನೋಡಿದ್ದು ನನಗೆ ನೆನಪಿಲ್ಲ.

"ತಟ್ಟೆ ನಡುಗ್ತಾ ಐತೆ," ಎಂದರು.

ರತ್ನಮ್ಮ ನನ್ನ ಮುಖ ನೋಡಿದಳು. "ಅಕ್ಕಾ, ಈ ಬೆಳೇನೂ ಹೋದ್ರೆ ಹುಳದ ಮನೇನ ಬಾಡಿಗೆಗೆ ಬಿಡ್ತೀನಿ ಅಂತ ನಮ್ಮನೆಯವ್ರು ಹೇಳವ್ರೆ. ಆಮೇಲೆ ನಾನು ಏನ್ ಮಾಡ್ಲಿ, ಹೇಳು. ಅವ್ರ ಮುಖ ನೋಡ್ಕೊಂಡು ಕೂತ್ಕೊಳ್ಳಾ?"

ನಾನು ಆಗ ಒಳ್ಳೆಯವಳಂತೆ ನಡೆದುಕೊಳ್ಳಲಿಲ್ಲ. ಜ್ವರ ಮುಗಿಯುವವರೆಗೆ ಹಾಡು ಹಾಕುವುದಿಲ್ಲ ಎಂದೆ. ಅದು ಮುಗಿದರೆ ಇನ್ನೊಂದು ಬೆಳೆ, ಅದಕ್ಕೂ ನಾಲ್ಕು ಜ್ವರ, ವರ್ಷವಿಡೀ ಇದೇ ಎಂದು ಸಾಬರು ಲೆಕ್ಕ ಹೇಳಿದರು. "ನಿಮಗೆ ಮುಚ್ಚಿದ ಡಬ್ಬಾನೇ ಮಾಡ್ತೀನಮ್ಮ. ಜಾಗ ಅದನ್ನೇ ಕೇಳ್ತಾ ಐತೆ."

"ಡಬ್ಬ ನನ್ನದು. ತೂತು ಬೇಕು. ತೂತಿಲ್ಲದ ಡಬ್ಬ ತಂದರೆ ಬಾಗಿಲು ತೆಗೆಯಲ್ಲ," ಎಂದೆ. ವಾರ್ಡಿನಲ್ಲಿ ಈ ದನಿಗೆ ಯಾರೂ ಎದುರು ಹೇಳುತ್ತಿರಲಿಲ್ಲ. ಸಾಬರು ಡಬ್ಬವನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದರು.

ಹನ್ನೆರಡು ದಿನಗಳ ನಂತರ ಹೊಸ ಡಬ್ಬ ಬಂತು. ಪರೀಕ್ಷೆಯ ಡಬ್ಬಕ್ಕಿಂತ ದೊಡ್ಡದು, ತೇಗದ ಬಣ್ಣದ ಪಾಲಿಶ್, ಹಿಂಭಾಗದಲ್ಲಿ ಅಂಗೈಯಗಲದ ಪೈಪಿನ ಬಾಯಿ, ಅದರ ಸುತ್ತ ಹಿತ್ತಾಳೆಯ ಬಳೆ. ಸಾಬರು ಅದನ್ನು ರತ್ನಮ್ಮನ ಗೋಡೆಯಿಂದ ದೂರ, ಬೀದಿಯ ಕಡೆಯ ಮೂಲೆಯಲ್ಲಿ ಇಟ್ಟರು. "ಮೂಲೇಲಿದ್ರೆ ಮೂಲೇನೂ ದುಡೀತದೆ." ಪೈಪಿನ ಬಾಯಿ ಗೋಡೆಯ ಕಡೆಗೆ. "ಮಧ್ಯೆ ಸರಿಯಾಗಿ ನಾಲ್ಕು ಬೆರಳು ಜಾಗ ಇರ್ಬೇಕು ಸಿಸ್ಟರಮ್ಮ. ಹೆಚ್ಚಾಗಬಾರ್ದು, ಕಮ್ಮಿ ಆಗಬಾರ್ದು. ಗಾಳಿ ಗೋಡೆಗೆ ಬಡಿದು ಬರ್ಬೇಕು." ಆನೆ ನಡೆಯಿತು. ಲೋಟಗಳು ಸುಮ್ಮನಿದ್ದವು, ಕುರ್ಚಿ ತುಸು ಅಲುಗಿತು. "ಮೂಲೆಯ ಮಹಿಮೆ," ಎಂದರು. ನಾನು ತಲೆಯಾಡಿಸಿದೆ.

ನಾಲ್ಕು ಬೆರಳೆಂದರೆ ನನಗೆ ಸಮಾಧಾನವಿಲ್ಲ. ಸ್ಕೇಲಿಟ್ಟು ಏಳು ಸೆಂಟಿಮೀಟರ್ ಎಂದು ಗುರುತು ಮಾಡಿಕೊಂಡೆ. ಪ್ರತಿ ಭಾನುವಾರ ಒಂಬತ್ತಕ್ಕೆ ಅಳೆಯುವುದು ದಿನಚರಿಗೆ ಸೇರಿತು. ಮನೆಗೆ ಬಂದವರಿಗೆಲ್ಲ ತೂತಿನ ಡಬ್ಬದ ಮೇಲೆ ಉಪನ್ಯಾಸ ಕೊಟ್ಟೆ. ಗೆಳತಿಯನ್ನು ಚಿಕ್ಕಬಳ್ಳಾಪುರದಿಂದ ಕರೆಸಿ, "ನಿನ್ನದು ಬರೀ ಗದ್ದಲ, ಇದು ತೂತಿನ ನಾದ, ವ್ಯತ್ಯಾಸ ಕೇಳು" ಎಂದೆ. ಅವಳು ಕೇಳಿಸಿತೆಂದಳು. ರತ್ನಮ್ಮನ ಆ ಬೆಳೆಯೂ ಮುಂದಿನ ಬೆಳೆಯೂ ತುಂಬಿ ಬಂದವು. "ನೋಡಿದ್ಯಾ, ತೂತಿನ ಡಬ್ಬದಿಂದ ನಿನ್ನ ಹುಳಕ್ಕೆ ಏನೂ ಆಗ್ಲಿಲ್ಲ," ಎಂದೆ. "ಹೂಂ ಅಕ್ಕಾ, ಏನೂ ಆಗ್ಲಿಲ್ಲ," ಎಂದಳು.

ಒಂದೇ ತೊಂದರೆ. ಮಳೆಗಾಲದಲ್ಲಿ ಹಾಲಿನಲ್ಲಿ ಏನೋ ಸತ್ತ ವಾಸನೆ. ಇಲಿಯೆಂದು ಬೀರು ಸರಿಸಿದೆ, ಫಿನಾಯಿಲ್ ಹಾಕಿ ಮೂರು ಸಲ ನೆಲ ಒರೆಸಿದೆ, ಬೋನಿಟ್ಟೆ. ಬೋನಿಗೆ ಬಿದ್ದದ್ದು ನನ್ನ ಚಪ್ಪಲಿ. ನೂಲು ಬಿಚ್ಚುವ ಊರಿಗೆ ಊರೇ ಬೆಂದ ಹುಳದ ವಾಸನೆ ಹೊಡೆಯುವಾಗ ಮೂಲ ಹುಡುಕುವುದು ಸುಲಭವಲ್ಲ. ಕೊನೆಗೆ ರತ್ನಮ್ಮನ ಮನೆಗೆ ಹೋಗಿ, ಹುಳದ ಕಸ ಸರಿಯಾಗಿ ಎತ್ತದೆ ನನ್ನ ಮನೆ ನಾರಿಸುತ್ತಿದ್ದಾಳೆಂದು ವಾರ್ಡಿನ ದನಿಯಲ್ಲಿ ಬೈದು ಬಂದೆ. ಅವಳು ಕಸದ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಪ್ರತಿ ಮಳೆಗಾಲವೂ ಬೈದೆ.

ನಾಲ್ಕೈದು ವರ್ಷಗಳಲ್ಲಿ ಸಾಬರಿಗೆ ಉಬ್ಬಸ ಹೆಚ್ಚಾಯಿತು. ಅಂಗಡಿ ಮುಚ್ಚಿ ಗೌರಿಬಿದನೂರಿನ ಮಗಳ ಮನೆಗೆ ಹೋದರು. ಒಮ್ಮೆ ನೋಡಲು ಹೋದೆ. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ನಾನು ಒಯ್ದಿದ್ದ ದಾಳಿಂಬೆಯನ್ನು ಅಲ್ಲಾಡಿಸಿ ಪಕ್ಕಕ್ಕಿಟ್ಟರು.

"ಡಬ್ಬ ಹೆಂಗೈತಮ್ಮ?"

"ತೂತಿನ ಡಬ್ಬ ಅಂದ್ರೆ ತೂತಿನ ಡಬ್ಬ. ಅವತ್ತು ನಾನು ಹೇಳಿದ್ದೇ ಸರಿ ಆಯ್ತು ನೋಡಿ."

"ನೀವು ಹೇಳಿದ್ದೇ ಸರಿ. ನಾಲ್ಕು ಬೆರಳು ಐತಲ್ಲ?"

"ಪ್ರತಿ ಭಾನುವಾರ ಅಳೀತೀನಿ. ಏಳು ಸೆಂಟಿಮೀಟರ್."

ಸಾಬರು ಗೋಡೆಯ ಕಡೆ ತಿರುಗಿ ನಗತೊಡಗಿದರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಬೆನ್ನು ನೇರ ಮಾಡಿ ಕೂರಿಸಿ, ಉಸಿರಾಡುವ ಕ್ರಮ ಹೇಳಿಕೊಟ್ಟು, ನಗುವುದು ಈ ಕಾಯಿಲೆಗೆ ಒಳ್ಳೆಯದಲ್ಲ ಎಂದು ಗದರಿ ಬಂದೆ. ಆ ಚಳಿಗಾಲ ದಾಟುವ ಮೊದಲು ತೀರಿಕೊಂಡರು.

ಮರುವರ್ಷ ಸ್ಪೀಕರಿನ ಅಂಚು ಪುಡಿಯಾಗಿ ಉದುರಿತು. ಚಿಕ್ಕಬಳ್ಳಾಪುರದಿಂದ ಬಂದ ಮೆಕ್ಯಾನಿಕ್ ಡಬ್ಬ ಬಿಚ್ಚಿದ. ಮೊದಲು ಇಲಿ ಬಂತು. ಎಂದರೆ ಇಲಿಯ ವಾಸನೆ. ಡಬ್ಬದ ತುಂಬ ನೂಲು ಬಿಚ್ಚಿದ ಮೇಲೆ ಉಳಿಯುವ, ಬೆಂದ ಹುಳದ ಚೂರು ಅಂಟಿದ ಒರಟು ರೇಷ್ಮೆ, ಸಾಬರು ತಮ್ಮ ತಮ್ಮನಲ್ಲಿಂದ ತಂದದ್ದಿರಬೇಕು, ಹಾಸಿಗೆಗೆ ಹತ್ತಿ ತುಂಬಿದಂತೆ ತುಂಬಿತ್ತು. ಅದನ್ನು ತೆಗೆದರೆ ಪೈಪಿನ ಒಳಬಾಯಿಗೆ ಪ್ಲೈವುಡ್ಡಿನ ದುಂಡನೆಯ ಬಿಲ್ಲೆ, ನಾಲ್ಕು ಸ್ಕ್ರೂ, ಗಾಳಿ ಹೋಗದಂತೆ ಕೆಳಗೆ ಸೈಕಲ್ ಟ್ಯೂಬಿನ ರಬ್ಬರು.

"ಅಮ್ಮಾ, ಇದು ಮುಚ್ಚಿದ ಡಬ್ಬ," ಎಂದ ಮೆಕ್ಯಾನಿಕ್. "ಪೈಪು ಬರೀ ಶೋಕಿಗೆ."

ಬಿಲ್ಲೆ ಹಿಡಿದು ಪಕ್ಕದ ಮನೆಗೆ ಹೋದೆ. ರತ್ನಮ್ಮ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ನನ್ನ ಕೈ ನೋಡಿದಳು, ಬಾಯಿಗೆ ಸೆರಗು ಒತ್ತಿಕೊಂಡಳು.

"ನಿಂಗೆ ಗೊತ್ತಿತ್ತಾ?"

"ಡಬ್ಬ ತರೋ ಹಿಂದಿನ ದಿನಾನೇ ಬಂದು ಹೇಳಿದ್ರಕ್ಕಾ. ಸಿಸ್ಟರಮ್ಮ ತೂತು ಕೇಳವ್ರೆ, ತೂತು ಕೊಡ್ತೀನಿ. ಗಾಳಿ ಬೇಕು ಅಂತ ಅವ್ರು ಕೇಳಿಲ್ಲ ಅಂದ್ರು."

"ಮತ್ತೆ ಆ ವಾಸನೆಗೆ ನಾನು ನಿನ್ನ ಬೈದಾಗ?"

"ಬೈಸ್ಕೊಂಡೆ. ಬೆಳೆ ಬಂತಲ್ಲ."

ಬೈಯಬೇಕಾದವರು ಈಗ ಇಲ್ಲ. ಮುಚ್ಚಿದ ಡಬ್ಬ ಹೇಳಿದಷ್ಟೇ ಹೇಳುತ್ತದೆ ಎಂದಿದ್ದ ಮನುಷ್ಯ, ಇಷ್ಟು ವರ್ಷ ನನ್ನ ಹಾಲಿನಲ್ಲಿ ಹಿತ್ತಾಳೆಯ ಬಳೆ ತೊಡಿಸಿದ ಸುಳ್ಳೊಂದನ್ನು ಕೂರಿಸಿ, ಅದನ್ನು ವಾರಕ್ಕೊಮ್ಮೆ ನನ್ನ ಕೈಯಿಂದಲೇ ಅಳೆಸಿ ಹೋಗಿದ್ದರು. ವಾಪಸು ಬಂದಾಗ ಮೆಕ್ಯಾನಿಕ್ ಹೊಸ ಸ್ಪೀಕರು ಕೂರಿಸುತ್ತಿದ್ದ.

"ಆ ಬಿಲ್ಲೆ ಬಿಸಾಕಿಬಿಡಿ ಅಮ್ಮಾ. ಪೈಪು ತೆರೆದ್ರೆ ಒಳ್ಳೆ ಗುಂಯ್ ಬರ್ತದೆ."

"ಬೇಡ. ಅದೇ ಜಾಗಕ್ಕೆ ಹಾಕು. ನಾಲ್ಕೂ ಸ್ಕ್ರೂ."

"ಈ ರೇಷ್ಮೆ?"

"ಅದೂ."

"ನಾರ್ತಾ ಐತಲ್ಲಮ್ಮ."

"ನಾರಲಿ. ಇಲಿ ಅಲ್ಲ ಅಂತ ಗೊತ್ತಾಯ್ತಲ್ಲ."

ಅವನು ಡಬ್ಬವನ್ನು ಮೂಲೆಗೆ ತಳ್ಳಿ ಹೋದ. ಮರುದಿನ ಭಾನುವಾರ. ಒಂಬತ್ತಕ್ಕೆ ಸ್ಕೇಲು ತೆಗೆದುಕೊಂಡೆ. ಆರೂವರೆ ಸೆಂಟಿಮೀಟರ್ ಇತ್ತು. ಅರ್ಧ ಸೆಂಟಿಮೀಟರ್ ಮುಂದಕ್ಕೆಳೆದು ಸರಿಮಾಡಿದೆ.