ರಿಸೀವರಿನೊಳಗಿನ ಗಂಧ

ನಲವತ್ತರ ದಶಕದಲ್ಲಿ ಕೋಲಾರದ ನಮ್ಮ ಹುಣಸೆ ಮಂಡಿಗೆ ಟೆಲಿಫೋನು ಬಂತು. ಮಾತಾಡುವ ಬಾಯಿ ಮೇಜಿನ ಮೇಲಿನ ಗಿಡ್ಡ ಕಂಬದ ತುದಿಯಲ್ಲಿ. ಕೇಳುವುದಕ್ಕೆ ಬೇರೆಯೇ ಒಂದು ಕಪ್ಪು ರಿಸೀವರು, ಪಕ್ಕದ ಕೊಕ್ಕೆಗೆ ನೇತುಹಾಕಿದ್ದು. ಆಯುಧಪೂಜೆಯ ದಿನ ಅಮ್ಮ ತಕ್ಕಡಿಗೆ, ತೂಕದ ಕಲ್ಲುಗಳಿಗೆ, ಆ ರಿಸೀವರಿಗೂ ಗಂಧ ಬಳಿದು ಕುಂಕುಮ ಇಟ್ಟಳು. ಗಂಧ ಹಚ್ಚುವುದರಲ್ಲಿ ಅವಳ ಕೈ ಬಲು ಧಾರಾಳ.

ಆಗ ಅಕ್ಕ ಬಾಣಂತಿ. ಜ್ವರ ಇಳಿಯದೆ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಳು. ಪೂಜೆಯ ಮಾರನೆಯ ಸಂಜೆ ಫೋನಿನ ಗಂಟೆ ಹೊಡೆಯಿತು. ಅಪ್ಪ ಎತ್ತಿಕೊಂಡರು. ಸದ್ದೇ ಇಲ್ಲ. ಯಾರೋ ದಲ್ಲಾಳಿ ಆಟವಾಡುತ್ತಿದ್ದಾನೆಂದು ಅವರಿಗೆ ರೇಗಿತು. ರೇಗಿದರೆ ಅವರಿಗೆ ಮೊದಲು ತೆಲುಗೇ ಬರುತ್ತಿದ್ದುದು.

"ಎವರದಿ? ನೋರು ಲೇದಾ? ಬಾಯಿಲ್ವೇನೋ ನಿನಗೆ? ಹಾಳಾಗಿ ಹೋಗು!"

ಫೋನು ಇಟ್ಟರು. ನಾನು ಪಕ್ಕದಲ್ಲೇ ಗೋಣಿ ಹೊಲೆಯುತ್ತಿದ್ದೆ. ಅಮ್ಮ ಹಿತ್ತಲಲ್ಲಿದ್ದಳು. ಬೆಳಿಗ್ಗೆ ತಂತಿ ಬಂತು, ಅಕ್ಕ ಹೋಗಿಬಿಟ್ಟಿದ್ದಳು.

ಭಾವ ಹೇಳಿದರು, ಆ ಸಂಜೆ ಫೋನಿನಲ್ಲಿದ್ದವಳು ಅಕ್ಕನೇ ಎಂದು. ಹಟ ಹಿಡಿದು, ಕುರ್ಚಿಯಲ್ಲಿ ಹೊರಿಸಿಕೊಂಡು ಆಸ್ಪತ್ರೆಯ ಆಫೀಸಿಗೆ ಹೋಗಿ ಮಾತಾಡಿದ್ದಳಂತೆ. ನನಗೆ ಅಳು ಬರಲಿಲ್ಲ. ಕಲ್ಲು ಮನಸ್ಸಿನ ಹುಡುಗಿ ಅಂದರು ನೆಂಟರು. ಅನ್ನಲಿ, ಅವರಿಗೇನು ಗೊತ್ತು. ಊಟ ಹಾಕಿದರೆ ಉಂಡೆ, ಎಲೆ ಎತ್ತು ಅಂದರೆ ಎತ್ತಿದೆ.

ತಿಥಿ ಮುಗಿದ ಮೇಲೆ ರಿಪೇರಿಯವನು ಬಂದ. ರಿಸೀವರಿನ ಮುಚ್ಚಳ ತಿರುಗಿಸಿ ಬಿಚ್ಚಿದ. ಒಳಗೆ ತೆಳ್ಳನೆಯ ಕಬ್ಬಿಣದ ಬಿಲ್ಲೆ. ಅದರ ಹಿಂದೆ ಅಯಸ್ಕಾಂತ, ಕೂದಲಿನಂಥ ತಂತಿ ಸುತ್ತಿದ ಎರಡು ಉರುಳೆ. ಬಿಲ್ಲೆಗೂ ಅಯಸ್ಕಾಂತಕ್ಕೂ ನಡುವೆ ಒಂದಿಷ್ಟೇ ಇಷ್ಟು ಸಂದು ಇರಬೇಕಂತೆ, ಬಿಲ್ಲೆ ನಡುಗಿದರೆ ಮಾತು. ಮುಚ್ಚಳದ ತೂತಿನಿಂದ ಇಳಿದ ಗಂಧ ಬಿಲ್ಲೆಯ ಅಂಚು ದಾಟಿ ಆ ಸಂದಿನಲ್ಲಿ ಒಣಗಿ, ಬಿಲ್ಲೆಯನ್ನು ಕಚ್ಚಿ ಹಿಡಿದಿತ್ತು.

"ನಾವು ಆಡಿದ್ದು?" ಅಪ್ಪ ಕೇಳಿದರು.

"ಅದು ಚೆನ್ನಾಗೇ ಹೋಗಿರುತ್ತೆ ಸ್ವಾಮಿ. ಬಾಯಿ ಕಡೆಗೇನೂ ಆಗಿಲ್ಲ."

ಅಪ್ಪ ಬಿಲ್ಲೆಯನ್ನು ಅವನ ಕೈಯಿಂದ ತೆಗೆದುಕೊಂಡು, ಪಂಚೆಯ ಅಂಚಿನಿಂದ ಗಂಧವನ್ನು ಉಜ್ಜಿ ಉಜ್ಜಿ ಒರೆಸಿದರು. ಅಷ್ಟರಲ್ಲಿ ಅಮ್ಮ ಬಾಗಿಲಿಗೆ ಬಂದಳು.

"ಏನು ಕೆಟ್ಟಿತ್ತಂತೆ?"

"ಒಳಗೆ ತಂತಿ ಕಡಿದಿತ್ತಂತೆ ಕಣೇ."

"ನಿಮ್ಮ ಮಾತಾದ್ರೂ ಅವಳಿಗೆ ಕೇಳಿಸ್ತಾ?"

"ಕೇಳಿಸಿರುತ್ತೆ ಅಂತಾನೆ."

"ಏನಂದ್ರಿ?"

ಅಪ್ಪ ನನ್ನ ಕಡೆ ನೋಡಲಿಲ್ಲ. "ಬರ್ತಾ ಇದೀವಿ ಕಣಮ್ಮಾ ಅಂದೆ."

ಅಮ್ಮ ಹೊಸ್ತಿಲ ಮೇಲೆ ಕೂತು, ತಂತಿ ಬಂದಾಗಿನಿಂದ ಮೊದಲ ಸಲ ಜೋರಾಗಿ ಅತ್ತಳು. ಆಮೇಲೆ ಮಾತಾಡಿಸಲು ಬಂದವರಿಗೆಲ್ಲ ಆ ಮಾತನ್ನೇ ಹೇಳಿ ಸಮಾಧಾನಪಟ್ಟುಕೊಳ್ಳುತ್ತಿದ್ದಳು. ಅಪ್ಪ ಪಕ್ಕದಲ್ಲಿ ಕೂತು, ಹೌದು ಹೌದೆಂದು ತಲೆಯಾಡಿಸುತ್ತಿದ್ದರು.